ಮುಟ್ಟುಗಳ ಕೊಟ್ಟಿಗೆಗೆ ಡಬ್ಬಗಳ ರ್ಯಾಕು

ಆಲೂಗೆಡ್ಡೆಯ ಬೆಳೆಗೆ ಅಂಗಮಾರಿ ರೋಗವು ಎರಗುವುದು ಮೋಡ ಕವಿದು, ತುಂತುರು ಹನಿಯುತ್ತ, ಗಾಳಿಯು ತಂಪಾಗಿರುವ ದಿವಸಗಳಲ್ಲಿ ಎಂಬುದು ಹಾಸನ ಸೀಮೆಯ ರೈತರಿಗೆ ಹೇಳಿ ತಿಳಿಸಬೇಕಾದ ಸಂಗತಿಯಲ್ಲ. ಈ ರೋಗವೇ 1845ರಲ್ಲಿ ಐರ್ಲೆಂಡ್ ದೇಶದ ಬೆಳೆಯನ್ನು ಹಾಳುಗೆಡವಿ, ಅಲ್ಲಿ ಘೋರವಾದ ಕ್ಷಾಮಕ್ಕೆ ಕಾರಣವಾಯಿತು. ಹಾಸನ ಜಿಲ್ಲೆಯಲ್ಲಿ ಕಳೆದ ವರ್ಷಗಳಲ್ಲಿ ಆಲೂಗೆಡ್ಡೆಯ ವಿಸ್ತೀರ್ಣವು ಬಹಳವಾಗಿ ಕುಗ್ಗಿ, ಆ ಹೊಲಗಳಿಗೆ ಶುಂಠಿಯೂ ಜೋಳವೂ ಬಂದಿರುವುದಕ್ಕೆ ಇದು ಒಂದು ಮುಖ್ಯ ಕಾರಣ. ರೋಗವನ್ನು ತಡೆಯಲು ಔಷಧಿಯುಂಟು. ಆದರೆ ಅದನ್ನು ಹೊಡೆಯಲು ಸಿಕ್ಕುವ ವೇಳೆಯು ಸ್ವಲ್ಪ. ಎರಡು ಮಳೆಗಳ ನಡುವೆ ಎಲೆಯು ಒಣಗಿದ ಕೆಲವು ಗಳಿಗೆಗಳೇ ಸಮಯ.

ಇಂತಹ ದಿವಸ ಬೆಳಿಗ್ಗೆ ಔಷಧಿಯನ್ನು ತಂದಿದೆ, ನೀರು ತುಂಬಿದೆ, ಆಳುಗಳು ಬಂದಿದ್ದಾರೆ. ಪಂಪನ್ನು ಬೆನ್ನಿಗೇರಿಸಿ ಕೈಯಾಡಿಸಿದರೆ ಒತ್ತಡ ಏರುವುದಿಲ್ಲ. ಬಿಚ್ಚಿ ನೋಡಿದರೆ ಒಳಗಿನ ವಾಷರು ಸೀಳಿದೆ. ಹೋದ ವರ್ಷ ಪಂಪನ್ನು ಕೊಂಡಾಗ ಅಂಗಡಿಯವನು ಎರಡು ಹೆಚ್ಚಿನ ವಾಷರುಗಳನ್ನು ಕೊಟ್ಟದ್ದು ಯಜಮಾನರಿಗೆ ನೆನಪಿದೆ. ಇಟ್ಟ ಸ್ಥಳ ಮಾತ್ರ ನೆನಪಿಲ್ಲ. ಅಟ್ಟ, ಕಿಟಕಿಯ ಮೇಲಣ ಗೂಡು, ಗೊಬ್ಬರದ ಚೀಲಗಳ ಸಂದು, ದೇವರ ಮನೆಯ ಹಿಂದಿನ ಪೆಟ್ಟಿಗೆ, ಎಲ್ಲವನ್ನೂ ಹುಡುಕಿದ್ದಾಯಿತು. ಕಡೆಗೆ ಹುಡುಗನೊಬ್ಬನು ಹೊಳೆನರಸೀಪುರಕ್ಕೆ ಹೋಗಿ ಬರುವಷ್ಟರಲ್ಲಿ ಮಧ್ಯಾಹ್ನವಾಗಿ, ಮಳೆಯು ಹಿಡಿಯುವುದು. ಮರುದಿನ ಎಲೆಗಳ ಅಂಚಿನಲ್ಲಿ ಕಪ್ಪು ಕಾಣುವುದು. ಇಲ್ಲಿ ನಷ್ಟವು ವಾಷರಿನ ಬೆಲೆಯಲ್ಲ, ಬೆಳೆಯ ಬೆಲೆ.

ಹಿಂದಿನ ಕಾಲದಲ್ಲಿ ಈ ತೊಂದರೆಯು ಇರಲಿಲ್ಲ. ನೇಗಿಲು, ನೊಗ, ಕುಂಟೆ, ಕೂರಿಗೆಗಳು ಮರದವು. ಊರಿನ ಬಡಗಿಯೂ ಕಮ್ಮಾರನೂ ಆಯಗಾರರಾಗಿದ್ದು, ವರ್ಷಕ್ಕೊಮ್ಮೆ ಕಣದಲ್ಲಿ ತಮ್ಮ ಆಯವನ್ನು ಪಡೆದು, ಕರೆದ ಹೊತ್ತಿಗೆ ರಿಪೇರಿ ಮಾಡಿಕೊಡುತ್ತಿದ್ದರು. ಕುಳವು ಸವೆದರೆ ಕುಲುಮೆಗೆ ಒಯ್ದರಾಯಿತು. ಮುಟ್ಟುಗಳ ಬಿಡಿಭಾಗಗಳನ್ನು ಕೂಡಿಡುವ ಅವಶ್ಯಕತೆಯೇ ರೈತನಿಗೆ ಇರಲಿಲ್ಲ. ಕಮ್ಮಾರನ ಕೈಯೇ ಅವನ ಉಗ್ರಾಣ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಮೈಸೂರು ಸಂಸ್ಥಾನದ ವ್ಯವಸಾಯ ಇಲಾಖೆಯು ಕಬ್ಬಿಣದ ನೇಗಿಲುಗಳನ್ನು ಪ್ರಚಾರಕ್ಕೆ ತಂದಿತು. ಮುಂದೆ ಸಂಸ್ಥಾನದ ಸರ್ಕಾರವು ಹಾಸನ ಪಟ್ಟಣದಲ್ಲಿಯೇ ಬೇಸಾಯದ ಮುಟ್ಟುಗಳ ಕಾರ್ಖಾನೆಯೊಂದನ್ನು ಸ್ಥಾಪಿಸಿತು. ಅಂದಿನಿಂದ ಬೋಲ್ಟು, ನಟ್ಟುಗಳು ಹಳ್ಳಿಯ ಮನೆಯನ್ನು ಹೊಕ್ಕವು. 1979ರಲ್ಲಿ ಗೊರೂರಿನ ಬಳಿ ಹೇಮಾವತಿ ಜಲಾಶಯವು ಮುಗಿದು, ನಾಲೆಯ ನೀರೂ ಅದರ ಹಿಂದೆ ಕೊಳವೆ ಬಾವಿಗಳೂ ಹೆಚ್ಚಿದ ಮೇಲೆ ಈ ಸಾಮಾನುಗಳು ನಾಲ್ಕು ಪಾಲಾದುವು.

ಇಂದು ಹಳ್ಳಿಮೈಸೂರು ಹೋಬಳಿಯಲ್ಲಿ ಐದಾರು ಎಕರೆ ಜಮೀನುಳ್ಳ ಮನೆಯೊಂದರ ಕೊಟ್ಟಿಗೆಯನ್ನು ನೋಡಿದರೆ, ಅದು ಅರ್ಧ ಅಂಗಡಿಯಾಗಿರುವುದು ಕಾಣುವುದು. ಪವರ್ ಟಿಲ್ಲರಿನ ಅಲಗುಗಳು, ಅವುಗಳ ಬೋಲ್ಟುಗಳು, ಬೆಲ್ಟು, ಹನಿ ನೀರಾವರಿಯ ಕೊಳಾಯಿಗಳ ಮೂಲೆ ತುಂಡುಗಳು, ಬಿರಡೆಗಳು, ಮೋಟಾರಿನ ಸ್ಟಾರ್ಟರಿನ ಭಾಗಗಳು, ಫ್ಯೂಸ್ ತಂತಿ, ಹೊಗೆಸೊಪ್ಪಿನ ಬ್ಯಾರನ್ ಇರುವ ಮನೆಯಾದರೆ ತಗಡಿನ ಕೊಳವೆಗಳನ್ನು ಬಿಗಿಯುವ ಪಟ್ಟಿಗಳು, ಹಸುಗಳಿರುವ ಮನೆಯಾದರೆ ಹಾಲು ಕರೆಯುವ ಯಂತ್ರದ ರಬ್ಬರುಗಳು, ಇವುಗಳ ಜೊತೆಗೆ ಮೊದಲಿನಿಂದಲೂ ಇರುವ ಮೊಳೆ, ಚಿಲಕ, ಸರಪಣಿ, ಕಡಾಣಿ. ಇವೆಲ್ಲವೂ ಸಿಮೆಂಟಿನ ಚೀಲದಲ್ಲಿಯೋ ಮುರಿದ ಬಕೀಟಿನಲ್ಲಿಯೋ ಒಂದರ ಮೇಲೊಂದು ಬಿದ್ದಿರುವುವು. ಬೇಕಾದದ್ದು ಯಾವಾಗಲೂ ತಳದಲ್ಲಿ. ಚೀಲವನ್ನು ಅಂಗಳಕ್ಕೆ ಸುರಿದು ಆರಿಸಿದಾಗ, ಎರಡು ವರ್ಷಗಳ ಹಿಂದೆ ಕೊಂಡ ಹೊಸ ಬೋಲ್ಟು ತುಕ್ಕು ಹಿಡಿದು ಕಾಣಿಸಿಕೊಳ್ಳುವುದುಂಟು. ಇದ್ದ ವಸ್ತುವನ್ನೇ ಎರಡನೆಯ ಸಲ ಕೊಳ್ಳುವ ಮನೆಗಳು ಕಡಮೆಯೇನಿಲ್ಲ.

ಕೊಟ್ಟಿಗೆಯಲ್ಲಿ ಸ್ಥಳವಿಲ್ಲವೆಂಬುದು ಸಾಮಾನ್ಯವಾಗಿ ಕೇಳಿಬರುವ ಉತ್ತರ. ಅದು ನೆಲದ ಮಟ್ಟಿಗೆ ನಿಜ. ಗೋಡೆಯ ಮಟ್ಟಿಗೆ ನಿಜವಲ್ಲ. ಮೇವಿನ ಪಿಂಡಿ, ರಾಗಿಯ ಮೂಟೆ, ಟಿಲ್ಲರುಗಳು ನೆಲವನ್ನು ಹಿಡಿದಿದ್ದರೂ, ಆಳೆತ್ತರದವರೆಗೆ ಗೋಡೆಯು ಬರಿದಾಗಿಯೇ ಇರುವುದು. ಅದನ್ನು ಉಪಯೋಗಕ್ಕೆ ತರುವ ಸುಲಭವಾದ ಸಾಧನವೇ, ಅಂಗಡಿಯವರು ರ್ಯಾಕು ಎಂದು ಕರೆಯುವ ಮರದ ಚೌಕಟ್ಟು. ಅದರಲ್ಲಿ ಸೆಳೆಗೂಡುಗಳಂತೆ ಹೊರಕ್ಕೆ ಎಳೆಯಬಹುದಾದ ತಗಡಿನ ತಟ್ಟೆಗಳು. ಪೇಟೆಯಲ್ಲಿ ಇಂತಹ ಉಕ್ಕಿನ ರ್ಯಾಕುಗಳೂ ಪ್ಲಾಸ್ಟಿಕ್ಕಿನ ಗೂಡುಗಳೂ ದೊರೆಯುವುವು. ಆದರೆ ಮನೆಯಲ್ಲಿ ವ್ಯರ್ಥವಾಗಿ ಬಿದ್ದಿರುವ ಪದಾರ್ಥಗಳಿಂದಲೇ ಮಾಡಬಹುದಾದುದಕ್ಕೆ ಹಣವನ್ನು ಕೊಡಬೇಕಾದ ಕಾರಣವಿಲ್ಲ.

ತಟ್ಟೆಗಳಿಗೆ ಅತ್ಯಂತ ಒಪ್ಪುವ ವಸ್ತುವು ಅಡಿಗೆ ಎಣ್ಣೆಯ 15 ಕಿಲೋಗ್ರಾಂ ಚೌಕ ಡಬ್ಬ. ನಾಲ್ಕು ಗ್ಯಾಲನ್ ಸೀಮೆಎಣ್ಣೆಯ ಡಬ್ಬವು ಒಂದು ಕಾಲದಲ್ಲಿ ಹಳ್ಳಿಯ ನೀರಿನ ಕೊಡವೂ, ಧಾನ್ಯದ ಅಳತೆಯೂ, ಬಚ್ಚಲಿನ ಬಾಗಿಲೂ ಆಗಿದ್ದುದನ್ನು ಹಿರಿಯರು ಬಲ್ಲರು. ಇದು ಅದರದೇ ಆಕಾರ. ಮುಖವು ಹೆಚ್ಚುಕಡಮೆ 9¼ ಅಂಗುಲ ಚೌಕ, ಉದ್ದವು 13¾ ಅಂಗುಲ. ತಯಾರಕರಿಂದ ತಯಾರಕರಿಗೆ ಕೊಂಚ ವ್ಯತ್ಯಾಸವುಂಟಾದ್ದರಿಂದ, ಒಂದೇ ಬಗೆಯ ಡಬ್ಬಗಳನ್ನು ಕೂಡಿಸಿ, ಅಳೆದು ನೋಡಿ, ಆಮೇಲೆ ಬಡಗಿಗೆ ಲೆಕ್ಕವನ್ನು ಹೇಳತಕ್ಕದ್ದು. ಹೋಟೆಲುಗಳಲ್ಲಿಯೂ ಮದುವೆಯ ಛತ್ರಗಳಲ್ಲಿಯೂ ಬೇಕಾದಷ್ಟು ಡಬ್ಬಗಳು ಸಿಕ್ಕುವುವು.

ಡಬ್ಬವನ್ನು ಮಲಗಿಸಿ, ಉದ್ದುದ್ದಕ್ಕೆ ಸರಿಯಾಗಿ ನಡುವೆ ಗೀಟು ಹಾಕಿ ಕತ್ತರಿಸಿದರೆ ಒಂದರಿಂದ ಎರಡು ತಟ್ಟೆಗಳಾಗುವುವು. ಕತ್ತರಿಸಿದ ಅಂಚನ್ನು ಹಾಗೆಯೇ ಬಿಟ್ಟರೆ ಅದು ಕುಡುಗೋಲಿಗಿಂತಲೂ ಹರಿತ. ಕತ್ತಲಲ್ಲಿ ಕೈಯಿಟ್ಟವನ ಬೆರಳು ಉಳಿಯದು. ಆದುದರಿಂದ ಅಂಚನ್ನು ಸುತ್ತಲೂ ಮುಕ್ಕಾಲು ಅಂಗುಲದ ಅರ್ಧದಷ್ಟು ಹೊರಕ್ಕೆ ಮಡಿಸಿ, ಮರದ ಕೊಡತಿಯಿಂದ ತಟ್ಟಿ ಒತ್ತಿಬಿಡಬೇಕು. ಮೂಲೆಗಳಲ್ಲಿ ಮಡಿಕೆಗೆ ಮುಂಚೆ ಸಣ್ಣ ಕಚ್ಚು ಕೊಟ್ಟರೆ ತಗಡು ಸುಕ್ಕಾಗುವುದಿಲ್ಲ. ಹೀಗೆ ಮುಗಿದ ತಟ್ಟೆಯ ಎತ್ತರವು 4¼ ಅಂಗುಲ. ಡಬ್ಬದ ತಳಭಾಗವು ತಟ್ಟೆಯ ಮುಂಭಾಗವಾಗಿ, ಎಣ್ಣೆಯನ್ನು ಬಗ್ಗಿಸುವ ಬಾಯಿಯಿರುವ ಭಾಗವು ಹಿಂದಕ್ಕೆ ಹೋಗಲಿ. ಮುಂಭಾಗದಲ್ಲಿ ಎರಡು ತೂತು ಕೊರೆದು ದಪ್ಪ ತಂತಿಯ ಬಳೆಯೊಂದನ್ನು ಹಾಕಿದರೆ ಹಿಡಿಯಾಯಿತು. ಒಳಗಣ ಎಣ್ಣೆಯ ಜಿಡ್ಡನ್ನು ಬೂದಿ ಹಚ್ಚಿ ಬಿಸಿನೀರಿನಲ್ಲಿ ತಿಕ್ಕಿ ತೊಳೆಯದಿದ್ದರೆ ಇಲಿಗಳಿಗೂ ಜಿರಳೆಗಳಿಗೂ ಆಹ್ವಾನವಿತ್ತಂತೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳದೆ ಮುಂದುವರಿಯುವಂತಿಲ್ಲ. ಕೀಟನಾಶಕಗಳು ಬಂದ ಡಬ್ಬವನ್ನು ಎಷ್ಟು ತೊಳೆದರೂ ಈ ಕೆಲಸಕ್ಕೆ ತೆಗೆದುಕೊಳ್ಳಕೂಡದು. ಪೆಟ್ರೋಲು, ಡೀಸೆಲು, ಸೀಮೆಎಣ್ಣೆ ಇದ್ದ ಡಬ್ಬಗಳನ್ನು ಬೆಂಕಿಯಿಂದಾಗಲಿ ಕಿಡಿ ಹಾರುವ ಯಂತ್ರದಿಂದಾಗಲಿ ಕತ್ತರಿಸಕೂಡದು. ಡಬ್ಬವು ಬರಿದಾಗಿ ಕಂಡರೂ ಒಳಗೆ ಉಳಿದ ಆವಿಯು ಸಿಡಿದು ಪ್ರಾಣಾಪಾಯವಾಗುವುದು. ತಗಡು ಕತ್ತರಿಸುವ ಕತ್ತರಿಯೇ ಸಾಕು.

ಇನ್ನು ಚೌಕಟ್ಟಿನ ಲೆಕ್ಕ. ಅಡ್ಡಕ್ಕೆ ನಾಲ್ಕು, ಮೇಲಕ್ಕೆ ಒಂಬತ್ತು, ಒಟ್ಟು 36 ತಟ್ಟೆಗಳು ಸಾಧಾರಣವಾದ ಒಂದು ಒಕ್ಕಲು ಮನೆಗೆ ಧಾರಾಳವಾಗಿ ಸಾಲುವುವು; ಇದಕ್ಕೆ 18 ಡಬ್ಬಗಳು ಬೇಕು. ಎರಡು ಅಂಗುಲಕ್ಕೆ ಒಂದೂವರೆ ಅಂಗುಲದ, ಐದೂವರೆ ಅಡಿ ಉದ್ದದ ಹತ್ತು ಕಾಲುಗಳನ್ನು ಜೋಡಿಜೋಡಿಯಾಗಿ ನಿಲ್ಲಿಸಿದರೆ ಐದು ನಿಲುವುಗಳಾಗುವುವು. ಪ್ರತಿ ಜೋಡಿಯಲ್ಲಿ ಒಂದು ಕಾಲು ಮುಂದೆ, ಒಂದು ಹಿಂದೆ. ಮುಂದಿನಿಂದ ಹಿಂದಿನವರೆಗೆ 14 ಅಂಗುಲ. ಒಂದು ನಿಲುವಿಗೂ ಮತ್ತೊಂದಕ್ಕೂ ನಡುವೆ 9½ ಅಂಗುಲ ತೆರಪು. ನಿಲುವುಗಳ ಒಳಮೈಗಳಿಗೆ, ಎದುರುಬದುರಾಗಿ, ಒಂದಂಗುಲ ಚೌಕದ ಪಟ್ಟಿಗಳನ್ನು ಮೊಳೆ ಹೊಡೆದು ಕೂರಿಸಬೇಕು. ತಟ್ಟೆಯು ಈ ಎರಡು ಪಟ್ಟಿಗಳ ಮೇಲೆ ಕುಳಿತು ಜಾರುವುದು. ನಡುವೆ ಹಲಗೆಯೇ ಬೇಕಿಲ್ಲ. ಸಾಮಾನ್ಯವಾದ ಬೀರುವಿಗೂ ಇದಕ್ಕೂ ಇರುವ ವ್ಯತ್ಯಾಸವು ಇದೇ, ಮರದ ಉಳಿತಾಯವೂ ಇದರಿಂದಲೇ. ಒಂದು ಪಟ್ಟಿಯ ಮೇಲ್ಮೈಯಿಂದ ಅದರ ಮೇಲಣ ಪಟ್ಟಿಯ ಮೇಲ್ಮೈಗೆ ಆರು ಅಂಗುಲವಿಟ್ಟರೆ, ತಟ್ಟೆಯ ಮೇಲೆ ಮುಕ್ಕಾಲು ಅಂಗುಲ ಬಿಡುವು ಉಳಿಯುವುದು. ಅತ್ಯಂತ ಕೆಳಗಿನ ಸಾಲು ನೆಲದಿಂದ ಒಂದು ಅಡಿ ಎತ್ತರದಲ್ಲಿರಲಿ. ಆ ತೆರಪಿನಲ್ಲಿ ನೇಗಿಲಿನ ಕುಳ, ಸರಪಣಿ ಮುಂತಾದ ಒಜ್ಜೆ ಸಾಮಾನುಗಳನ್ನಿಡಬಹುದು, ಪೊರಕೆಯೂ ಆಡುವುದು. ತಲೆಯ ಮೇಲೂ ಬುಡದಲ್ಲಿಯೂ ಮುಂದೆ ಹಿಂದೆ ನಾಲ್ಕು ಅಡ್ಡಪಟ್ಟಿಗಳು. ಬೆನ್ನಿಗೆ ಮೂಲೆಯಿಂದ ಮೂಲೆಗೆ ಹೋಗುವ ಎರಡು ಓರೆಪಟ್ಟಿಗಳು. ಈ ಓರೆಪಟ್ಟಿಗಳನ್ನು ಉಳಿತಾಯಕ್ಕಾಗಿ ಬಿಟ್ಟುಬಿಡುವ ಬಡಗಿಗಳುಂಟು. ಬಿಟ್ಟರೆ ಚೌಕಟ್ಟು ವರ್ಷದೊಳಗೆ ಒಂದು ಕಡೆಗೆ ವಾಲಿ, ತಟ್ಟೆಗಳು ಕಚ್ಚಿಕೊಂಡು ಹೊರಕ್ಕೆ ಬಾರವು.

ಹೀಗೆ ಸಿದ್ಧವಾದ ರ್ಯಾಕಿನ ಅಗಲವು ನಾಲ್ಕು ಅಡಿಗೆ ಎರಡೂವರೆ ಅಂಗುಲ ಕಡಮೆ. ಅದು ಹಿಡಿಯುವ ನೆಲವು ಸುಮಾರು ನಾಲ್ಕೂವರೆ ಚದರ ಅಡಿ. ಆ 36 ತಟ್ಟೆಗಳನ್ನೇ ನೆಲದ ಮೇಲೆ ಹರಡಿದ್ದರೆ ಸುಮಾರು 32 ಚದರ ಅಡಿ ಬೇಕಾಗುತ್ತಿತ್ತು.

ಮರಕ್ಕಾಗಿ ಕಾಲುಗಳಿಗೆ 55 ಅಡಿ, ಪಟ್ಟಿಗಳಿಗೆ 84 ಅಡಿ, ಅಡ್ಡ ಮತ್ತು ಓರೆಗಳಿಗೆ ಸುಮಾರು 30 ಅಡಿ ಉದ್ದದ ಸಾಮಾನು ಸಾಕು. ಹೆಂಚಿನ ಮನೆಯನ್ನು ಕಿತ್ತು ತಾರಸಿ ಹಾಕಿಸಿದ ಕಡೆಗಳಲ್ಲಿ ಹಳೆಯ ರೀಪುಗಳು ಹಿತ್ತಲಿನಲ್ಲಿ ಸೌದೆಯಾಗಲು ಕಾದು ಬಿದ್ದಿರುವುವು. ಎರಡಂಗುಲದ ರೀಪನ್ನು ಉದ್ದಕ್ಕೆ ಸೀಳಿದರೆ ಎರಡು ಪಟ್ಟಿಗಳು. 42 ಅಡಿ ರೀಪಿನಲ್ಲಿ ಪಟ್ಟಿಯ ಕೆಲಸವೆಲ್ಲ ಮುಗಿಯುವುದು. ಸೀಳುವ ಮುನ್ನ ಹಳೆಯ ಮೊಳೆಗಳನ್ನು ಒಂದೂ ಬಿಡದೆ ಕೀಳದಿದ್ದರೆ ಗರಗಸದ ಹಲ್ಲು ಹೋಗುವುದು. ಚನ್ನರಾಯಪಟ್ಟಣದ ಕಡೆಯವರಿಗೆ ಮುದಿ ತೆಂಗಿನ ಮರದ ಹೊರಭಾಗವು ಕಾಲುಗಳಿಗೆ ಗಟ್ಟಿಯಾದ ಸಾಮಾನು. ಒಳಗಿನ ಮೆದು ಭಾಗವು ಯಾವುದಕ್ಕೂ ಬಾರದು. ಅಡಿಕೆಯ ದಬ್ಬೆಯನ್ನು ಪಟ್ಟಿಗಳಿಗೆ ಬಳಸಬಹುದು. ಸಿಲ್ವರ್ ಓಕ್ ಮರವು ಅಗ್ಗವಾಗಿ ಸಿಕ್ಕುವುದಾದರೂ ಅದಕ್ಕೆ ಹುಳು ಬೇಗ ಬೀಳುವುದು. ನೀಲಗಿರಿಯು ಹಸಿಯಲ್ಲಿ ನೆಟ್ಟಗಿದ್ದು ಒಣಗಿದಾಗ ತಿರುಚುವುದರಿಂದ ಈ ಕೆಲಸಕ್ಕೆ ಒಳ್ಳೆಯದಲ್ಲ.

ಗೆದ್ದಲು ಹತ್ತದಂತೆ ಕಾಲುಗಳು ಮಣ್ಣಿನ ನೆಲವನ್ನು ಮುಟ್ಟದೆ ಕಲ್ಲಿನ ಚಪ್ಪಡಿಯ ಮೇಲೆ ನಿಲ್ಲಬೇಕು. ಬೆನ್ನಿಗೂ ಗೋಡೆಗೂ ನಡುವೆ ಎರಡು ಬೆರಳು ತೆರಪಿರಬೇಕು. ಆಗ ಗೆದ್ದಲು ಮಣ್ಣು ಕಟ್ಟಿಕೊಂಡು ಏರಿದರೆ ಕಣ್ಣಿಗೆ ಬೀಳುವುದು. ಟಿಲ್ಲರಿನಿಂದ ಇಳಿಸಿದ ಹಳೆಯ ಎಣ್ಣೆಯನ್ನು ಕಾಲುಗಳ ಬುಡಕ್ಕೆ ಮಾತ್ರ ಎರಡು ಸಲ ಬಳಿದರೆ ಸಾಕು.

ಕಬ್ಬಿಣದ ತೂಕದ ವಿಷಯದಲ್ಲಿ ಅಂದಾಜು ತಪ್ಪುವುದು ಸಹಜ. ಒಂದು ತಟ್ಟೆಯು ಒಂಬತ್ತು ಲೀಟರಿಗೆ ಕೊಂಚ ಕಡಮೆ ಹಿಡಿಯುವುದು. ಬಿಡಿ ಮೊಳೆಗಳು ಲೀಟರಿಗೆ ಸುಮಾರು ಮೂರು ಕಿಲೋಗ್ರಾಂ ತೂಗುವುದರಿಂದ, ಅದನ್ನು ಕಂಠಪೂರ್ತಿ ತುಂಬಿದರೆ 25 ಕಿಲೋಗ್ರಾಂ ಮುಟ್ಟಿ, ತಗಡಿನ ತಳವು ಜೋತುಬೀಳುವುದು. ಎರಡು ಬೆರಳೆತ್ತರಕ್ಕಿಂತ ಹೆಚ್ಚಾಗಿ ತುಂಬಬಾರದು. ಭಾರವಾದ ಬೋಲ್ಟುಗಳಿರುವ ತಟ್ಟೆಯ ತಳಕ್ಕೆ ತೆಳುವಾದ ಹಲಗೆಯೊಂದನ್ನು ಹಾಸಬೇಕು. ತಟ್ಟೆಗೆ ಎಂಟು ಕಿಲೋಗ್ರಾಂನಂತೆ ಹಿಡಿದರೂ ಇಡೀ ರ್ಯಾಕಿನ ಮೇಲೆ ಮೂರು ಕ್ವಿಂಟಾಲ್ ರಾಗಿಯಷ್ಟು ಭಾರ ಬೀಳುವುದು. ಒಂದೇ ಸಲಕ್ಕೆ ಮೇಲಣ ನಾಲ್ಕು ತಟ್ಟೆಗಳನ್ನು ಎಳೆದರೆ ಚೌಕಟ್ಟು ಮುಂದಕ್ಕೆ ಬಾಗುವುದು. ಮಕ್ಕಳು ಅದನ್ನು ಏಣಿಯೆಂದು ತಿಳಿದು ಹತ್ತುವುದೂ ಉಂಟು. ಆದಕಾರಣ ಮೇಲಣ ಅಡ್ಡಪಟ್ಟಿಯನ್ನು ಎರಡು ಕಡೆ ಕಬ್ಬಿಣದ ಕೊಂಡಿಗಳಿಂದ ಗೋಡೆಗೆ ಬಿಗಿಯಲೇಬೇಕು. ಮಣ್ಣಿನ ಗೋಡೆಯಾದರೆ ಕೊಂಡಿಯು ನಿಲ್ಲದು. ಕಂಬಕ್ಕೋ ತೊಲೆಗೋ ಕಟ್ಟತಕ್ಕದ್ದು.

ರ್ಯಾಕು ನಿಂತ ಮೇಲೆ ಅದರಲ್ಲಿ ಏನನ್ನು ಎಲ್ಲಿ ಇಡಬೇಕೆಂಬುದೇ ಮುಖ್ಯವಾದ ವಿಷಯ. ಬಹುಮಂದಿ ಎಡವುವುದೂ ಇಲ್ಲಿಯೇ. ಅಂಗಡಿಯವನು ತನ್ನ ಸರಕನ್ನು ಜಾತಿಯ ಪ್ರಕಾರ ವಿಂಗಡಿಸುವನು: ವಾಷರುಗಳೆಲ್ಲ ಒಂದೆಡೆ, ತಿರುಪು ಮೊಳೆಗಳೆಲ್ಲ ಒಂದೆಡೆ. ಅವನಿಗೆ ಅದು ಸರಿ. ಅವನ ಗಿರಾಕಿಯು ವಸ್ತುವಿನ ಹೆಸರು ಹೇಳಿ ಕೇಳುವನು. ರೈತನಿಗಾದರೋ ಕೆಟ್ಟಿರುವುದು ವಾಷರಲ್ಲ, ಪಂಪು. ಪಂಪಿನ ವಾಷರು, ಅದರ ಮೂತಿ, ಜರಡಿ, ಬೆಲ್ಟಿನ ಕೊಂಡಿ, ಅದನ್ನು ಬಿಚ್ಚುವ ಸ್ಪಾನರು, ಎಲ್ಲವೂ ಒಂದೇ ತಟ್ಟೆಯಲ್ಲಿದ್ದರೆ, ತಟ್ಟೆಯನ್ನೇ ಎಳೆದುಕೊಂಡು ಹೊಲಕ್ಕೆ ನಡೆಯಬಹುದು. ಆದುದರಿಂದ ಯಂತ್ರಕ್ಕೊಂದು ತಟ್ಟೆ ಎಂಬುದೇ ಹಳ್ಳಿಯ ಮನೆಗೆ ಯೋಗ್ಯವಾದ ಕ್ರಮ. ಮೊಳೆ, ಸಾಧಾರಣ ಬೋಲ್ಟು, ತಂತಿ ಮುಂತಾದ ಎಲ್ಲಕ್ಕೂ ಬೇಕಾಗುವ ವಸ್ತುಗಳನ್ನು ಮಾತ್ರ ಅಳತೆಯ ಪ್ರಕಾರ ಬೇರೆಯಿಡಬೇಕು. ದಿನವೂ ಬೇಕಾಗುವುವು ಎದೆಯ ಮಟ್ಟದಲ್ಲಿ, ಭಾರವಾದುವು ಕೆಳಗೆ, ಹೊಗೆಸೊಪ್ಪಿನ ಬೇಯಿಸುವ ಕಾಲದಲ್ಲಿ ಮಾತ್ರ ಬೇಕಾಗುವ ಬ್ಯಾರನ್ ಸಾಮಾನುಗಳು ತಲೆಯ ಮೇಲೆ.

ಬೋಲ್ಟುಗಳ ವಿಷಯದಲ್ಲಿ ಒಂದು ಮಾತನ್ನು ವಿಶೇಷವಾಗಿ ಗಮನಿಸಬೇಕು. ಹಳೆಯ ನೇಗಿಲು ಮತ್ತು ಗಾಡಿಗಳಲ್ಲಿರುವುದು ಅಂಗುಲದ ಲೆಕ್ಕದ ತಿರುಪು. ಇಂಗ್ಲೆಂಡಿನ ವಿಟ್ವರ್ತ್ ಎಂಬ ಯಂತ್ರಶಿಲ್ಪಿಯು 1841ರಲ್ಲಿ ಅದಕ್ಕೆ ಒಂದು ಕಟ್ಟನ್ನು ಸೂಚಿಸಿದನು. ನಮ್ಮ ದೇಶದಲ್ಲಿ 1956ರ ತೂಕ ಅಳತೆಗಳ ಕಾಯಿದೆಯಿಂದ ಮೆಟ್ರಿಕ್ ಪದ್ಧತಿಯು ಬಂದಿತು. ಟಿಲ್ಲರು ಟ್ರ್ಯಾಕ್ಟರುಗಳಲ್ಲಿರುವುದು ಮಿಲ್ಲಿಮೀಟರಿನ ಲೆಕ್ಕ. ಅರ್ಧ ಅಂಗುಲದ ಬೋಲ್ಟು 12.7 ಮಿಲ್ಲಿಮೀಟರು, ಅದರ ಪಕ್ಕದಲ್ಲಿ 12 ಮಿಲ್ಲಿಮೀಟರಿನದನ್ನು ಇಟ್ಟರೆ ಕಣ್ಣಿಗೆ ಒಂದೇ. ಒಂದರ ನಟ್ಟನ್ನು ಇನ್ನೊಂದಕ್ಕೆ ಬಲವಂತವಾಗಿ ತಿರುಗಿಸಿದರೆ ಎಳೆಗಳು ಸವೆದುಹೋಗಿ, ಉಳುಮೆಯ ನಡುವೆ ಅಲಗು ಕಳಚಿ ಬೀಳುವುದು. ಇವೆರಡಕ್ಕೂ ಬೇರೆ ಬೇರೆ ತಟ್ಟೆಗಳಿರಬೇಕು. ಅಂಗುಲದವುಗಳ ತಟ್ಟೆಗೆ ಮುಂದೆ ಕೆಂಪು ಬಣ್ಣದ ಗೀಟೆಳೆದರೆ ಆಳುಗಳಿಗೂ ತಿಳಿಯುವುದು.

ತಟ್ಟೆಗಳಿಗೆ ಚೀಟಿ ಅಂಟಿಸುವುದು ವಾಡಿಕೆ. ಆದರೆ ಚೀಟಿಯನ್ನು ಜಿರಳೆಯು ತಿನ್ನುವುದು, ಎಣ್ಣೆ ಕೈಯು ಅಳಿಸುವುದು, ಓದು ಬಾರದ ಆಳಿಗೆ ಅದರಿಂದ ಪ್ರಯೋಜನವೂ ಇಲ್ಲ. ಅದಕ್ಕಿಂತ, ಒಳಗಿರುವ ವಸ್ತುವಿನ ಮಾದರಿಯೊಂದನ್ನೇ ತಟ್ಟೆಯ ಮುಂಭಾಗಕ್ಕೆ ತಂತಿಯಿಂದ ಬಿಗಿದುಬಿಟ್ಟರೆ, ವಿದ್ಯುತ್ತು ಹೋದ ರಾತ್ರಿಯಲ್ಲಿಯೂ ಬೆರಳು ಮುಟ್ಟಿ ಕಂಡುಹಿಡಿಯುವುದು.

ಕಬ್ಬಿಣದ ಸಾಮಾನುಗಳಿಗೆ ಎಣ್ಣೆಯ ಬಟ್ಟೆಯಲ್ಲಿ ಒರಸಿದ ಲೇಪವು ಹಿತ. ರಬ್ಬರಿಗೆ ಅದೇ ವಿಷ. ಎಣ್ಣೆ ತಗಲಿದ ರಬ್ಬರು ಉಬ್ಬಿ ಮೆತ್ತಗಾಗುವುದು, ಬಿಸಿಲು ತಗಲಿದುದು ಬಿರಿಯುವುದು. ಆದ್ದರಿಂದ ವಾಷರು, ರಬ್ಬರುಗಳನ್ನು ತಿರುಪು ಮುಚ್ಚಳದ ಸೀಸೆಗಳಲ್ಲಿ ಒಣದಾಗಿ ಇಡಬೇಕು. ಮೇಲಣ ಹಲಗೆಯ ಅಡಿಗೆ ಮುಚ್ಚಳವನ್ನು ತಿರುಪು ಮೊಳೆಯಿಂದ ಬಿಗಿದು, ಸೀಸೆಯನ್ನು ಕೆಳಗಿನಿಂದ ತಿರುಗಿಸಿ ತೂಗಹಾಕುವ ಉಪಾಯವು ಸ್ಥಳವನ್ನು ಉಳಿಸುವುದಲ್ಲದೆ ಇಲಿಯ ಕಾಟವನ್ನೂ ತಪ್ಪಿಸುವುದು. ಕೈಪಂಪುಗಳ ಚರ್ಮದ ವಾಷರಿಗೆ ಮಾತ್ರ ಎಣ್ಣೆಯು ಬೇಕು. ಅದು ಒಣಗಿದರೆ ಕೆಲಸಕ್ಕೆ ಬಾರದು.

ಯೂರಿಯಾ, ಪೊಟ್ಯಾಷ್ ಮೊದಲಾದ ಗೊಬ್ಬರಗಳು ಗಾಳಿಯ ತೇವವನ್ನು ಹೀರಿ, ಹತ್ತಿರವಿರುವ ಕಬ್ಬಿಣವನ್ನು ತುಕ್ಕಿಗೆ ಒಪ್ಪಿಸುವುವು. ದನದ ಕೊಟ್ಟಿಗೆಯ ಗಂಜಳದ ಆವಿಯೂ ಹಾಗೆಯೇ. ರ್ಯಾಕು ಇವೆರಡರಿಂದಲೂ ದೂರವಾಗಿ, ಮುಂಗಾರಿನ ಜಡಿ ಬಡಿಯದ ಪೂರ್ವದ ಗೋಡೆಗೆ ಇರುವುದು ಉತ್ತಮ. ಬೋರ್ಡೋ ದ್ರಾವಣಕ್ಕೆ ತಂದ ಮೈಲುತುತ್ತವನ್ನು ಯಾವ ಕಾರಣಕ್ಕೂ ಈ ತಗಡಿನ ತಟ್ಟೆಗಳಲ್ಲಿ ಇಡಕೂಡದು. ಅದು ಕಬ್ಬಿಣವನ್ನು ತಿಂದು ತೂತು ಮಾಡುವುದು. ಕೀಟನಾಶಕಗಳಂತೂ ಬೀಗವುಳ್ಳ ಬೇರೆ ಪೆಟ್ಟಿಗೆಯಲ್ಲಿ, ಬೇರೆ ಗೋಡೆಯ ಬಳಿ ಇರತಕ್ಕವು. ಮೊಳೆ ತರಲು ಹುಡುಗರನ್ನು ಕಳುಹಿಸುವ ಜಾಗದಲ್ಲಿ ವಿಷವು ಇರಕೂಡದು.

ಗುದ್ದಲಿ, ಸನಿಕೆ, ಹಾರೆ, ಪಿಕಾಸಿಗಳಿಗೆ ಈ ರ್ಯಾಕು ತಕ್ಕುದಲ್ಲ. ಅವುಗಳನ್ನು ಅದರ ಪಕ್ಕದ ಗೋಡೆಗೆ ಹೊಡೆದ ಗೂಟಗಳಿಗೆ ತೂಗುಹಾಕುವುದೇ ಸರಿ.

ಗ್ರಾಮದ ಯಜಮಾನರು ತಮ್ಮ ಮನೆಯ ಮಟ್ಟಿಗೆ ಮಾತ್ರವಲ್ಲದೆ ಊರಿನ ಮಟ್ಟಿಗೂ ಇದನ್ನು ಯೋಚಿಸಬಹುದು. ಕುಡಿಯುವ ನೀರಿನ ಮೋಟಾರು ನಿಂತ ದಿವಸ ಇಡೀ ಊರು ಕಾಯುವುದು ಹಲವು ವೇಳೆ ಒಂದು ಫ್ಯೂಸ್ ತಂತಿಗೋ ಒಂದು ಬಿರಡೆಗೋ ಆಗಿರುವುದು. ಅದೇ ಅಳತೆಯ, ಹನ್ನೆರಡು ತಟ್ಟೆಗಳ ಸಣ್ಣ ರ್ಯಾಕೊಂದು ಹಾಲಿನ ಸಂಘದ ಕೊಠಡಿಯಲ್ಲಿಯೋ ಪಂಚಾಯಿತಿ ಕಟ್ಟಡದಲ್ಲಿಯೋ ಇದ್ದು, ಬೀಗದ ಕೈ ಒಬ್ಬರ ವಶದಲ್ಲಿರಬೇಕು. ತೆಗೆದವರ ಹೆಸರನ್ನು ಬರೆಯುವ ಪುಸ್ತಕವೊಂದು ಅಲ್ಲಿಯೇ ತೂಗುತ್ತಿರಬೇಕು. ಪುಸ್ತಕವಿಲ್ಲದ ಕಡೆ ತಟ್ಟೆಗಳು ಆರು ತಿಂಗಳಲ್ಲಿ ಬರಿದಾಗುವುವು.

ಈ ಕೆಲಸಕ್ಕೆ ತಕ್ಕ ಕಾಲವು ರಾಗಿಯ ಒಕ್ಕಣೆ ಮುಗಿದು ಹೊಸ ಮಳೆ ಬೀಳುವ ಮುಂಚಿನ ತಿಂಗಳುಗಳು. ಆಗ ಬಡಗಿಗೂ ಬಿಡುವಿರುವುದು, ಮರವೂ ಒಣಗಿರುವುದು. ಡಬ್ಬಗಳು ಮೊದಲೇ ಕತ್ತರಿಸಿ ಸಿದ್ಧವಾಗಿದ್ದರೆ ಒಬ್ಬ ಬಡಗಿಗೆ ಎರಡು ದಿವಸದ ಕೆಲಸ. ಮೂರನೆಯ ದಿವಸ ಸಿಮೆಂಟಿನ ಚೀಲವನ್ನು ಅಂಗಳಕ್ಕೆ ಸುರಿದು, ಮನೆಯವರೆಲ್ಲ ಕುಳಿತು ಆರಿಸಿ, ಔಷಧಿ ಹೊಡೆಯುವ ಪಂಪಿನ ತಟ್ಟೆಯನ್ನು ಎಲ್ಲಕ್ಕಿಂತ ಮೊದಲು ತುಂಬತಕ್ಕದ್ದು. ಅದರಲ್ಲಿ ಎರಡು ವಾಷರುಗಳಿಲ್ಲದಿದ್ದರೆ ಆ ವಾರದ ಸಂತೆಯಲ್ಲಿಯೇ ತರಿಸತಕ್ಕದ್ದು.